ಆರನೆಯ ಸಾಲು

ಫೆಬ್ರವರಿ 9, ಸಂಜೆ, ಲಾಡ್ಜ್

ಇವತ್ತು ಎರಡು ಸ್ಮಾರಕ ಕಲ್ಲು. ಸುಂಕದ ಕಟ್ಟೆಯದು, ಹಳೇ ಅಂಚೆ ಕಚೇರಿಯದು. ತೊಳೆದು, ಕೆತ್ತಿದ ಅಕ್ಷರಗಳಿಗೆ ಕಪ್ಪು ತುಂಬಿ, ಫೋಟೋ ತೆಗೆದು ಇಲಾಖೆಗೆ ಕಳಿಸಿದ್ದಾಯಿತು. ರಸ್ತೆ ಬದಿಯ ಇತಿಹಾಸ ಯಾರಿಗೆ ಬೇಕು. ಒಬ್ಬ ಲಾರಿ ನಿಲ್ಲಿಸಿ, "ಏನಕ್ಕಾ, ಸೈಟ್ ಮಾರಾಟಕ್ಕಿದ್ಯಾ?" ಅಂದ. ಇಲ್ಲಪ್ಪ, ಇನ್ನೂರು ವರ್ಷದ ಹಿಂದೆ ಇಲ್ಲಿ ಗಾಡಿ ತಡೆದು ಸುಂಕ ವಸೂಲಿ ಮಾಡ್ತಿದ್ರು ಅಂದೆ. "ಈಗ್ಲೂ ಮಾಡ್ತಾರೆ ಬಿಡಿ" ಅಂತ ಗೇರ್ ಹಾಕಿ ಹೋದ. ಇಡೀ ದಿನಕ್ಕೆ ಆಡಿದ ಮಾತು ಅಷ್ಟೇ. ರೂಮಿನಲ್ಲಿ ಟಿವಿ ಹಾಕಿಟ್ಟಿದ್ದೇನೆ — ನೋಡುವುದಕ್ಕಲ್ಲ, ಮನುಷ್ಯರ ದನಿ ಇರಲಿ ಅಂತ.

ಫೆಬ್ರವರಿ 11

ಇಲಾಖೆಯ ಸಾಹೇಬರ ಫೋನ್. ಹೊಳೆ ದಂಡೆಯ ಕಲ್ಲಿನ ಬಗ್ಗೆ ದೂರು ಬಂದಿದೆಯಂತೆ, ಫೋಟೋ ಸಮೇತ. ಐದು ಸಾಲು ಕಪ್ಪಗೆ ಎದ್ದು ಕಾಣುತ್ತವೆ, ಆರನೆಯದು ರಸ್ತೆಯಿಂದ ಕಾಣುವುದೇ ಇಲ್ಲ. "ಏನಮ್ಮ, ಕೊನೇ ಸಾಲಿಗೆ ಬಣ್ಣ ಖಾಲಿಯಾಯ್ತಾ?" ನೋಡ್ತೀನಿ ಸಾರ್ ಅಂದೆ. ಹತ್ತು ದಿನದೊಳಗೆ ಸರಿಮಾಡಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ.

ಬಣ್ಣ ಖಾಲಿಯಾಗಿಲ್ಲ. ಒಂಬತ್ತು ವರ್ಷದಿಂದ ಆ ಸಾಲಿಗೆ ಕುಂಚ ತಾಗಿಸಿಲ್ಲ, ಅಷ್ಟೇ. ಇಲ್ಲಾದರೂ ಬರೆದುಬಿಡುತ್ತೇನೆ. ನಲವತ್ತೊಂದು ವರ್ಷದ ಹಿಂದೆ ಅಲ್ಲಿ ದೋಣಿ ಮಗುಚಿ ಇಪ್ಪತ್ತಾರು ಜನ ಸತ್ತರು. ಆರನೆಯ ಸಾಲು ಹೀಗಿದೆ: "ಮಿತಿಮೀರಿ ಜನರನ್ನು ಹತ್ತಿಸಿಕೊಂಡ ಅಂಬಿಗನೊಬ್ಬನೇ ಈಜಿ ಪಾರಾದನು." ಆ ಅಂಬಿಗ ನನ್ನ ಅಪ್ಪ.

ಅಮ್ಮ ಸಾಯುವವರೆಗೂ ಹೇಳಿದ್ದು ಒಂದೇ. "ನಿಮ್ಮಪ್ಪ ಈಜಲಿಲ್ಲ ಕಣೇ. ಪ್ರಜ್ಞೆ ತಪ್ಪಿತ್ತು, ನೀರೇ ದಡಕ್ಕೆ ತಂದು ಹಾಕ್ತು." ನಂಬಿದ್ದೇನೆ. ಅಪ್ಪನ ಮೇಲಿನ ಸುಳ್ಳಿಗೆ ನನ್ನ ಕೈಯಾರೆ ಕಪ್ಪು ತುಂಬಬೇಕೇ?

ಫೆಬ್ರವರಿ 12

ದೂರು ಕೊಟ್ಟವರೇ ಇಲಾಖೆಯಿಂದ ನನ್ನ ನಂಬರ್ ಪಡೆದು ಫೋನ್ ಮಾಡಿದರು. ನಿವೃತ್ತ ಮೇಷ್ಟ್ರು. ಬೈಸಿಕೊಳ್ಳಲು ತಯಾರಾಗಿ ಕೂತಿದ್ದೆ.

"ನಿಮ್ಮ ತಪ್ಪಲ್ಲಮ್ಮ. ಕೆಳಗಿನ ಸಾಲು ನೋಡಿ, ಮಳೆ ನೀರು ಎರಚಿ ಬಣ್ಣ ಹೋಗಿರತ್ತೆ. ನನ್ನ ತಂಗಿ ಆ ದೋಣೀಲಿದ್ಲು. ಒಂಬತ್ತು ವರ್ಷದವಳು. ದಿನಾ ಐದು ಗಂಟೆಗೆ ಅಲ್ಲಿಗೆ ಹೋಗ್ತೀನಿ. ನೀವು ಬನ್ನಿ, ಬಿಸಿಲಿದ್ರೆ ಛತ್ರಿ ಹಿಡ್ಕೊಂಡು ನಿಲ್ತೀನಿ."

ಬೈದಿದ್ದರೇ ಚೆನ್ನಾಗಿತ್ತು.

ಫೆಬ್ರವರಿ 15, ಮನೆ

ಎರಡು ಕೋಣೆ, ಇಬ್ಬರು ಜನ, ದಿನಕ್ಕೆ ಒಂದೂವರೆ ಮಾತು. ಅಪ್ಪ ಮುಂದಿನ ಕೋಣೆಯಲ್ಲಿ ರೇಡಿಯೋ ಸಣ್ಣಗೆ ಇಟ್ಟುಕೊಂಡು ಕೂತಿರುತ್ತಾನೆ. ನಲ್ಲಿ ಸುಮ್ಮನೆ ಸುರಿದರೆ ಸಾಕು, ಎದ್ದು ಬಂದು ನಿಲ್ಲಿಸಿ ಹೋಗುತ್ತಾನೆ. ನಮ್ಮ ಮನೆಗೆ ಯಾರೂ ಬರುವುದಿಲ್ಲ. ನಾವೇ ಯಾರನ್ನೂ ಹತ್ತಿರ ಬಿಟ್ಟುಕೊಂಡಿಲ್ಲ. ನನ್ನನ್ನು ಕೇಳಿಕೊಂಡು ಬಂದ ಎರಡು ಸಂಬಂಧವೂ "ನಿಮ್ಮ ಮೂಲ ಊರು ಯಾವುದು" ಅನ್ನುವಲ್ಲಿಗೇ ನಿಂತವು. ಹೇಳಲಾಗದೆ ನಾನೇ ಬೇಡ ಅಂದೆ.

ಅಪ್ಪನಿಗೆ ಓದು ಬರುವುದಿಲ್ಲ. ಕಲ್ಲಿನಲ್ಲಿ ಸತ್ತವರ ಸುದ್ದಿ ಅಷ್ಟೇ ಇದೆ, ನಿನ್ನ ವಿಷಯ ಇಲ್ಲ ಅಂತ ಹೇಳಿಕೊಂಡು ಬಂದಿದ್ದೇನೆ. ಇವತ್ತು ಊಟಕ್ಕೆ ಕೂತಾಗ ತಲೆ ಎತ್ತದೆ ಹೇಳಿದ, "ಬೆಳಿಗ್ಗೆ ಸಾಹೇಬರ ಹತ್ರ ಫೋನಲ್ಲಿ ಮಾತಾಡ್ತಿದ್ಯಲ್ಲ, ಆ ಕಲ್ಲು. ನಾನೂ ಬರ್ತೀನಿ."

"ಬೇಡಪ್ಪ, ಬಸ್ಸು ರಶ್ಶು, ನಿನ್ನ ಮಂಡಿ ಬೇರೆ…"

"ಬರ್ತೀನಿ ಅಂದೆ."

ಫೆಬ್ರವರಿ 18

ಬರೆಯಲು ಮನಸ್ಸಿಲ್ಲ. ಅಪ್ಪ ಹೋಗಿ ಚಪ್ಪಲಿ ಹೊಲಿಸಿಕೊಂಡು ಬಂದಿದ್ದಾನೆ.

ಫೆಬ್ರವರಿ 20, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ದೂರು ಕೊಟ್ಟದ್ದು ಯಾರು ಅಂತ ಅಪ್ಪ ಕೇಳಿದ. ಒಬ್ಬರು ಮೇಷ್ಟ್ರು, ತಂಗಿ ಹೋದಳಂತೆ ಅಂದೆ. "ವಯಸ್ಸೆಷ್ಟು?" ಒಂಬತ್ತು. ಆಗ ಕಿಟಕಿಯತ್ತ ತಿರುಗಿದವನು ಇನ್ನೂ ಈ ಕಡೆ ನೋಡಿಲ್ಲ.

ಅದೇ ದಿನ, 4:40, ಕಲ್ಲಿನ ಹತ್ತಿರ

ಬಣ್ಣ ಒಣಗಬೇಕು. ಕೈ ಸುಮ್ಮನಿರದೆ ಬರೆಯುತ್ತಿದ್ದೇನೆ.

ಬಂದ ಕೂಡಲೇ "ಓದು" ಅಂದ. ಐದು ಸಾಲು ಓದಿ ನಿಲ್ಲಿಸಿದೆ. ಅಪ್ಪ ಕಷ್ಟಪಟ್ಟು ಕೂತು ಕಲ್ಲಿನ ಮೇಲೆ ಕೈಯಾಡಿಸಿದ. ಕಪ್ಪು ತುಂಬದಿದ್ದರೂ ಕೆತ್ತನೆ ಬೆರಳಿಗೆ ಸಿಗುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿ ಅದು ನನ್ನ ತಲೆಗೇ ಬಂದಿರಲಿಲ್ಲ.

"ಇನ್ನೊಂದು ಸಾಲಿದೆ."

ಓದಿದೆ. ಓದಿ, "ಸುಳ್ಳು ಬರೆದಿದಾರಪ್ಪ. ನೀನು ಈಜಲಿಲ್ಲ, ಅಮ್ಮ ಹೇಳಿದಾಳೆ" ಅಂದೆ.

"ಈಜಿದೆ. ಒಂದು ಹುಡುಗಿ ನನ್ನ ಕಾಲು ಹಿಡ್ಕೊಂಡಿತ್ತು. ಆ ಮೇಷ್ಟ್ರ ತಂಗಿಯಷ್ಟೇ ವಯಸ್ಸು. ಒದ್ದು ಬಿಡಿಸ್ಕೊಂಡೆ. ನಿಮ್ಮಮ್ಮಂಗೆ ಹೇಗೆ ಹೇಳ್ಲಿ?"

ಸಿಟ್ಟು ಬಂತು. ಅಯ್ಯೋ ಅನ್ನಿಸುವ ಮೊದಲು ಸಿಟ್ಟೇ ಬಂತು. ನಲವತ್ತಾರು ವರ್ಷ ನನಗೆ. ಒಬ್ಬ ಗೆಳತಿ ಇಲ್ಲ, ಒಂದು ಸಂಸಾರ ಇಲ್ಲ, ಇವನ ಮರ್ಯಾದೆ ಕಾಯುತ್ತಾ ಕೂತೆ. "ತುಂಬು" ಅಂತ ಅವನೇ ಡಬ್ಬಿ ಹಿಡಿದ. ತುಂಬಿದೆ. ಎರಡು ಕಡೆ ಬಣ್ಣ ಅಂಚು ದಾಟಿತು, ಒರೆಸಿದೆ.

ಮೇಷ್ಟ್ರು ಬರುವ ಮೊದಲೇ ಹೊರಡೋಣ ಅಂದರೆ ಏಳುತ್ತಿಲ್ಲ. "ಬರ್ಲಿ" ಅನ್ನುತ್ತಾನೆ.

5 ಗಂಟೆ

ಸೈಕಲ್ಲಿನಲ್ಲಿ ಬಂದರು. ತೆಳ್ಳಗಿದ್ದಾರೆ, ಕಂಕುಳಲ್ಲಿ ಛತ್ರಿ. "ಈಗ ದೂರದಿಂದ್ಲೇ ಕಾಣತ್ತಮ್ಮ, ತುಂಬಾ ಉಪಕಾರ ಆಯ್ತು" ಅಂದರು. ಅಪ್ಪನನ್ನು ನೋಡಿ, "ಇವರು?" ನನ್ನ ತಂದೆ ಅಂದೆ. ಆ ಮಾತನ್ನು ಈ ಊರಿನಲ್ಲಿ ಇದೇ ಮೊದಲು ಬಾಯಿಬಿಟ್ಟು ಹೇಳಿದ್ದು. ಕುಂಚ ಒರೆಸುವ ನೆಪದಲ್ಲಿ ಹತ್ತು ಹೆಜ್ಜೆ ಈಚೆ ಬಂದು ಕೂತಿದ್ದೇನೆ. ಮೇಷ್ಟ್ರು ಅಪ್ಪನ ತಲೆಯ ಮೇಲೆ ಛತ್ರಿ ಹಿಡಿದಿದ್ದಾರೆ. ಅಪ್ಪ ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿದ. ಅವನ ದನಿ ಇಷ್ಟು ಗಟ್ಟಿಯಾಗಿ ನಾನು ಕೇಳಿಯೇ ಇಲ್ಲ —

"ಮೇಷ್ಟ್ರೇ, ಆ ದೋಣಿ ನಂದು. ನಿಮ್ಮ ತಂಗಿ ಅವತ್ತು ನನ್ನ ಕಾಲು ಹಿಡ್ಕೊಂಡ್ಲು. ನಾನೇ ಒದ್ದು ಬಿಡಿಸ್ಕೊಂಡೆ."