ಬ್ಯಾಲೆನ್ಸರ್ ಮತ್ತು ಬಲಗೈ

ಮಾರ್ಚ್ 4, ಸೋಮವಾರ, ಬೆಳಿಗ್ಗೆ 6.30

ಕಾರು ಇವತ್ತೂ ಕಿರುಚುತ್ತಿದೆ. ಹಾರನ್ನೇ ಬೇಡ. ಶಾಲೆ ಟ್ರಿಪ್ಪಿನ ಮಕ್ಕಳು ಬೀದಿ ತುದಿಯಿಂದಲೇ ಕೇಳಿಸಿಕೊಂಡು ಬ್ಯಾಗ್ ಏರಿಸಿ ನಿಂತಿರುತ್ತಾರೆ. ಸ್ಟೀರಿಂಗ್ ಹಿಡಿದರೆ ಹಲ್ಲೆಲ್ಲ ಅದುರುತ್ತದೆ.

ಇವರು ಬಾನೆಟ್ ಎತ್ತಿ ಒಂದು ನಿಮಿಷ ನೋಡಿದರು, ಅಷ್ಟೇ. "ಬ್ಯಾಲೆನ್ಸರ್ ಹೋಗಿದೆ." ಎಂಜಿನ್ನಿನ ಮೂತಿಯಲ್ಲಿ ಬೆಲ್ಟ್ ತಿರುಗಿಸುವ ದಪ್ಪ ಚಕ್ರ ಅದು. ಎರಡು ಕಬ್ಬಿಣದ ಬಳೆ, ನಡುವೆ ರಬ್ಬರು. ಎಂಜಿನ್ನಿನ ನಡುಕ ನುಂಗೋದು ಅದರ ಕೆಲಸ. ರಬ್ಬರು ಸತ್ತು ಹೊರಗಿನ ಬಳೆ ಓಲಾಡುತ್ತಿದೆ.

ಗ್ಯಾರೇಜಿಗೆ ಬಿಡೋಣ ಅಂದೆ. ಅಂದದ್ದೇ ತಪ್ಪು.

"ಊರಿನ ಗಾಡಿಯೆಲ್ಲ ರಿಪೇರಿ ಮಾಡಿದವನ ಮನೆ ಕಾರು ಇನ್ನೊಬ್ಬನ ಗ್ಯಾರೇಜಲ್ಲಿ ನಿಲ್ಬೇಕೇನೇ?"

ಮಾತಿನ ಹಿಂದೆಯೇ ಹದಿನೇಳರ ಸ್ಪ್ಯಾನರ್ ಬಂತು. ಎಡಗೈ ಕಿರುಬೆರಳು. ಊದಿ ಬದನೆಕಾಯಿ ಆಗಿದೆ. ಬರೆಯೋದು ಬಲಗೈಯಲ್ಲಿ, ಪುಣ್ಯ.

ಗ್ಯಾರೇಜಿನವರು ಇವರನ್ನು ಮನೆಗೆ ಕಳಿಸಿದ್ದೂ ಇದಕ್ಕೇ. ಗಿರಾಕಿಗೆ ಜ್ಯಾಕ್ ರಾಡಿನಲ್ಲಿ ಬಾರಿಸಿದ್ದರು. ಅಲ್ಲಿ ಹೊಡೆದರೆ ಕೆಲಸ ಹೋಗುತ್ತದೆ. ಇಲ್ಲಿ ಹೊಡೆದರೆ ಏನೂ ಹೋಗಲ್ಲ.

ಈ ಪುಸ್ತಕ ಬಚ್ಚಿಡೋದು ಸ್ಟೆಪ್ನಿ ಕೆಳಗೆ. ಪಂಕ್ಚರ್ ಕೆಲಸ ಇವರ ಮರ್ಯಾದೆಗೆ ಕಡಿಮೆ, ಆ ಜಾಗ ಮುಟ್ಟಲ್ಲ.

ಮಾರ್ಚ್ 6, ಬುಧವಾರ

ಅಕ್ಕನ ಮನೆಯಿಂದ ಪುಟ್ಟಿ ಫೋನ್ ಮಾಡಿದ್ದಳು. "ಅಮ್ಮ, ಯಾವಾಗ ಬರ್ತೀಯ?" ಕಾರು ಸರಿಯಾಗ್ಲಿ ಪುಟ್ಟಿ, ಅಂದೆ. ಹೋಗಿ ಎರಡು ತಿಂಗಳಾಯ್ತು. ನನ್ನ ಒಬ್ಬಳೇ ಮಗಳು, ಹನ್ನೆರಡು ವರ್ಷ.

ಅವಳನ್ನು ಯಾಕೆ ಅಲ್ಲಿ ಬಿಟ್ಟೆ ಅಂತ ಒಂದು ಸಲ ಬರೆದಿಡಬೇಕು, ಮರೆಯದಿರಲಿ. ಅವಳ ಕೈಜಾರಿ ಲೋಟ ಒಡೆಯಿತು. ಇವರು ಎದ್ದರು. ಅವಳು ಅಳಲಿಲ್ಲ, ಓಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಏಟಿಗೆ ಕಾದು ನಿಂತಳು. ಥೇಟ್ ನನ್ನ ಹಾಗೆ. ನನ್ನನ್ನು ನೋಡಿಯೇ ಕಲಿತದ್ದು. ಮರುದಿನವೇ ಅಕ್ಕನ ಮನೆಗೆ ಸಾಗಿಸಿದೆ.

ಕಾರು ಎದ್ದರೆ ನಾನೂ ಅಲ್ಲಿಗೇ. ಅಲ್ಲೂ ಶಾಲೆಗಳಿವೆ, ಟ್ರಿಪ್ ಸಿಗುತ್ತದೆ. ಯಾರೂ ಯಾರ ಮೇಲೂ ಕೈ ಎತ್ತದ ಮನೆಯೊಂದು ಅವಳಿಗೆ ಬೇಕು. ಬೇರೇನೂ ಬೇಡ.

ಮಾರ್ಚ್ 10, ಭಾನುವಾರ, ಮಧ್ಯಾಹ್ನ 3

ಆಸ್ಪತ್ರೆ ಕಾರಿಡಾರ್. ಟ್ರಿಪ್ ಶೀಟಿನ ಹಿಂದೆ ಬರೆಯುತ್ತಿದ್ದೇನೆ, ಆಮೇಲೆ ಅಂಟಿಸಬೇಕು.

ಅಪಘಾತ. ಬ್ಯಾಲೆನ್ಸರಿನ ಬೋಲ್ಟ್ ಜಪ್ಪಯ್ಯ ಅಂದರೂ ಬಿಡಲಿಲ್ಲ. ಇವರದೊಂದು ಹಳೇ ಉಪಾಯ ಇದೆ. ಬೋಲ್ಟಿಗೆ ಉದ್ದದ ರಾಡ್ ಸಿಕ್ಕಿಸಿ, ಅದರ ತುದಿ ಗಾಡಿಯ ಚೌಕಟ್ಟಿಗೆ, ಚಾಸಿಗೆ ಒರಗಿಸಿ, ಕೀಲಿ ತಿರುಗಿಸಿ ಸೆಲ್ಫ್ ಒಂದು ಚಿಟಿಕೆ ಹೊಡೆಯೋದು. ಎಂಜಿನ್ನೇ ತಿರುಗಿ ಬೋಲ್ಟ್ ಸಡಿಲ ಮಾಡುತ್ತದೆ. ಎಂಜಿನ್ ಹೊತ್ತಿಕೊಳ್ಳದ ಹಾಗೆ ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿಟ್ಟರು. ಇವರು ಬಾನೆಟ್ ಒಳಗೆ. ನಾನು ಸೀಟಿನಲ್ಲಿ, ಕೀಲಿ ನನ್ನ ಕೈಯಲ್ಲಿ.

"ನಾನು ಹ್ಞೂಂ ಅಂದ್ಮೇಲೆ ತಿರುಗ್ಸು. ಮೊದ್ಲೇ ತಿರುಗ್ಸಿದ್ಯೋ, ಗೊತ್ತಲ್ಲ."

ಹ್ಞೂಂ ಅಂದರು. ತಿರುಗಿಸಿದೆ. ರಾಡಿಗೂ ಚಾಸಿಗೂ ನಡುವೆ ಅವರ ಬಲಗೈ ಇತ್ತು. ಮಣಿಕಟ್ಟು ಪುಡಿ.

ಡಾಕ್ಟರಿಗೂ ಇದನ್ನೇ ಹೇಳಿದೆ.

ಮಾರ್ಚ್ 28, ಗುರುವಾರ

ಹ್ಞೂಂ ಅಂದಿರಲಿಲ್ಲ.

ಹದಿನೆಂಟು ದಿನ ಪುಸ್ತಕ ಮುಟ್ಟಲಿಲ್ಲ. ಯಾರೂ ಓದದ ಪುಸ್ತಕಕ್ಕೂ ಸುಳ್ಳು ಬರೆದಿದ್ದೇನೆ, ಎಂಥ ಹೆಂಗಸು ನಾನು.

"ತಡಿಯೇ, ಕೈ ಒಳಗಿದೆ" ಅಂದಿದ್ದ. ಸ್ಪಷ್ಟವಾಗಿ ಕೇಳಿಸಿತು. ಬಾನೆಟ್ಟಿನ ಸಂದಿಯಲ್ಲಿ ಅವನ ಮೊಣಕೈ ಕಾಣುತ್ತಿತ್ತು, ಗ್ರೀಸ್ ಮೆತ್ತಿದ ಬಲ ಮೊಣಕೈ. ಹದಿನಾಲ್ಕು ವರ್ಷ ತಡೆದಿದ್ದೆ. ತಿರುಗಿಸಿದೆ. ಚಿಟಿಕೆಯಷ್ಟಲ್ಲ. ಮೂಳೆಯ ಸದ್ದು ಒಣ ಕಟ್ಟಿಗೆ ಮುರಿದ ಹಾಗೆ ಕೇಳಿಸಿತು, ಆಮೇಲೂ ಕೀಲಿ ಬಿಡಲಿಲ್ಲ. ಒಂದು... ಎರಡು... ಅಂತ ಎಣಿಸಿ ಬಿಟ್ಟೆ.

ಖುಷಿಯಾಯ್ತು. ಬರೆದೇ ಬಿಡುತ್ತೇನೆ, ಖುಷಿಯಾಯ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೋಲ್ಟೂ ಸಡಿಲವಾಗಿತ್ತು, ಅದು ಬೇರೆ.

ಇನ್ನು ಇವರು ಅಂತ ಬರೆಯೋಕೆ ಕೈ ಬರುತ್ತಿಲ್ಲ. ಅವನು.

ಮಾರ್ಚ್ 31, ಭಾನುವಾರ

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಪ್ಲಾಸ್ಟರ್ ಕೈ ಎದೆಗೆ ತೂಗುಹಾಕಿದೆ. ಅವತ್ತಿನ ಬಗ್ಗೆ ಒಂದು ಮಾತಿಲ್ಲ. ನಾನು ಹೋದ ಕಡೆಗೆಲ್ಲ ಕಣ್ಣು ಬರುತ್ತದೆ.

ಸ್ಪೇರ್ ಅಂಗಡಿಯವನು ಹೊಸ ಬ್ಯಾಲೆನ್ಸರ್ ತರಿಸಿಕೊಟ್ಟ. "ಯಾರು ಹಾಕ್ತಾರಕ್ಕ ಇದನ್ನ? ಅಣ್ಣನ ಕೈ ಹಂಗಾಗಿದೆ." ನಾನೇ, ಅಂದೆ. ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಹಳೆಯದನ್ನು ಪುಲ್ಲರ್ ಹಾಕಿ ಎಳೆದು ತೆಗೆದೆ. ಅರ್ಧ ದಿನ ಹಿಡಿಯಿತು. ಅವನು ಕೂತಲ್ಲಿಂದಲೇ ಹೇಳುತ್ತಿದ್ದ, ಎಡಕ್ಕೆ, ಬಲಕ್ಕೆ, ಕತ್ತೆ, ಇನ್ನೊಂದು ಸುತ್ತು. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಕೆಲಸದಲ್ಲಿ ಸುಳ್ಳು ಹೇಳುವ ಮನುಷ್ಯ ಅಲ್ಲ ಅಂದುಕೊಂಡೆ.

ಏಪ್ರಿಲ್ 2, ಮಂಗಳವಾರ, ಬೆಳಿಗ್ಗೆ 11

ತಪ್ಪಾಗಿ ಅಂದುಕೊಂಡಿದ್ದೆ.

ಹೊಸದು ಬೆರಳಗಲ ಹೋಗಿ ನಿಂತುಬಿಟ್ಟಿತು. "ಸುತ್ತಿಗೆ ತಗೊಂಡು ಬಡಿ" ಅಂದ. "ನಾಲ್ಕೇಟು. ಹೋಗಿ ಕೂರುತ್ತೆ." ಸುತ್ತಿಗೆ ಎತ್ತಿದವಳು ಹಾಗೇ ನಿಂತೆ. ಗ್ಯಾರೇಜಿನಲ್ಲಿದ್ದಾಗ ಕೆಲಸ ಕಲಿಯುವವರಿಗೆಲ್ಲ ಇವನೇ ಬೈಯುತ್ತಿದ್ದದ್ದು ನೆನಪಾಯ್ತು. ಬ್ಯಾಲೆನ್ಸರನ್ನ ಬಡಿಬಾರ್ದು ಕಣ್ರೋ, ಎಳ್ಕೋಬೇಕು. ಬಡಿದರೆ ರಬ್ಬರು ಕಿತ್ತುಬರುತ್ತೆ, ಒಳಗಿನ ಬೇರಿಂಗೂ ಹಾಳು.

ಕಾರು ಏಳಬಾರದು ಅವನಿಗೆ. ಎದ್ದರೆ ನಾನು ಹೋಗುತ್ತೇನೆ ಅಂತ ಗೊತ್ತು.

"ಬಡಿಯಲ್ಲ" ಅಂದು ಸುತ್ತಿಗೆ ಕೆಳಗಿಟ್ಟೆ. ಎದ್ದು ಬಂದು ಎಡಗೈಯಲ್ಲಿ ಅದನ್ನೇ ಎತ್ತಿ ಬೀಸಿದ. ಕಿವಿ ಸವರಿಕೊಂಡು ಹೋಗಿ ಹೆಡ್‌ಲೈಟ್ ಒಡೆಯಿತು. ನಾನು ರಾಡ್ ತಗೊಂಡೆ. ಪ್ಲಾಸ್ಟರ್ ಮೇಲೆ ಒಂದೇ ಏಟು. ಅವನು ಮಂಡಿಯೂರಿ ಕೂತು ಕೂಗಿದ, ಕೂಗಿದ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಇಷ್ಟು ವರ್ಷ ನನ್ನ ಕೂಗಿಗೂ ಹೀಗೇ ಹಾಕಿಕೊಂಡವರು. ಭೇದಭಾವ ಇಲ್ಲದ ಜನ.

ಆಮೇಲೆ ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಬ್ಯಾಲೆನ್ಸರ್ ಮುಳುಗಿಸಿದೆ. ಬಿಸಿಗೆ ಕಬ್ಬಿಣ ಚೂರು ಹಿಗ್ಗುತ್ತದೆ. ಎಂಜಿನ್ ಆಯಿಲ್ ಸೋರದ ಹಾಗೆ ತಡೆಯುವ ಸೀಲಿನ ಅಂಚಿಗೆ ಎಣ್ಣೆ ಸವರಿದೆ. ಉದ್ದದ ಬೋಲ್ಟ್ ಹಾಕಿ, ವಾಷರ್ ಹಾಕಿ, ನಟ್ಟನ್ನು ಅರ್ಧರ್ಧ ಸುತ್ತು ತಿರುಗಿಸುತ್ತ ಹೋದೆ. ಇಂಚಿಂಚೇ ಒಳಗೆ ಬಂತು. ಅವನು ನೆಲದ ಮೇಲೆ ಕೂತು ನೋಡುತ್ತಲೇ ಇದ್ದ.

ಕೈ ನಡುಗುತ್ತಿರಲಿಲ್ಲ. ಅದೇ ಹೆದರಿಕೆ.

ಏಪ್ರಿಲ್ 7, ಭಾನುವಾರ, ಸಂಜೆ

ಪೆಟ್ರೋಲ್ ಬಂಕ್. ಟಯರಿಗೆ ಗಾಳಿ ತುಂಬಿಸುತ್ತಿದ್ದಾರೆ. ಅರ್ಧ ದಾರಿ ಬಂದಿದ್ದೇನೆ.

ಕೊನೇ ಬೋಲ್ಟ್ ಬಿಗಿಯೋಕೆ ಎರಡನೇ ಆಳು ಬೇಕು. ಗೇರ್ ಹಾಕಿ ಯಾರಾದರೂ ಬ್ರೇಕ್ ಒತ್ತಿ ಹಿಡಿಯದಿದ್ದರೆ ಎಂಜಿನ್ನೂ ಜೊತೆಗೇ ತಿರುಗುತ್ತದೆ. ಅವನನ್ನೇ ಸೀಟಿನಲ್ಲಿ ಕೂರಿಸಿದೆ. ಕೀಲಿ ನನ್ನ ಸೊಂಟದಲ್ಲಿ. ಫ್ಯೂಸ್ ಕೂಡ.

ಬಿಗಿಯುತ್ತಿದ್ದಾಗ ಹೇಳಿದ. "ಅವತ್ತು ನಾನು ಹ್ಞೂಂ ಅಂದಿರ್ಲಿಲ್ಲ."

"ಇಲ್ಲ" ಅಂದೆ. "ಅಂದಿರ್ಲಿಲ್ಲ."

ಬ್ರೇಕ್ ಮೇಲಿನ ಕಾಲು ತೆಗೆಯಲಿಲ್ಲ ಅವನು. ನಾನೂ ಸ್ಪ್ಯಾನರ್ ನಿಲ್ಲಿಸಲಿಲ್ಲ. ಬೋಲ್ಟ್ ಚೆನ್ನಾಗಿ ಕೂತಿತು.

ಬೆಲ್ಟ್ ಏರಿಸಿ ಮುಗಿಸಿದ ಮೇಲೆ ಕೈ ಚಾಚಿದ. "ಕೀಲಿ ಕೊಡು. ನಾನು ಸ್ಟಾರ್ಟ್ ಮಾಡ್ತೀನಿ. ನೀನು ಬಗ್ಗಿ ಕೈಯಿಟ್ಟು ನೋಡು, ಓಲಾಡುತ್ತಾ ಅಂತ." ನಗು ಬಂತು. "ಇಳೀರಿ" ಅಂದೆ. ಇಳಿದ. ಫ್ಯೂಸ್ ಹಾಕಿ ನಾನು ಕೂತೆ. ಅವನು ಬಾನೆಟ್ ಎದುರಿಗೆ ನಿಂತಿದ್ದ. ನನ್ನ ಕೈ ಕೀಲಿಗೆ ಹೋಗುವುದು ಕಂಡಿತು ಅವನಿಗೆ. ಎರಡು ಹೆಜ್ಜೆ ಹಿಂದೆ ಸರಿದ.

ಆ ಎರಡು ಹೆಜ್ಜೆ! ದಾರಿಯುದ್ದಕ್ಕೂ ಅದನ್ನೇ ನೆನೆದು ನೆನೆದು ಖುಷಿಪಟ್ಟಿದ್ದೇನೆ.

ಎಂಜಿನ್ ಸದ್ದೇ ಇಲ್ಲ. ತುಂಬಿದ ಲೋಟ ಇಟ್ಟರೂ ತುಳುಕದು.

ಏಪ್ರಿಲ್ 8, ಸೋಮವಾರ, ಸಂಜೆ 5

ಅಕ್ಕನ ಮನೆ. ಒಳಕೋಣೆ. ಚಿಲಕ ಹಾಕಿಕೊಂಡಿದ್ದೇನೆ.

ಬೆಳಿಗ್ಗೆಯಿಂದ ಪುಟ್ಟಿ ಸೆರಗು ಬಿಟ್ಟಿರಲಿಲ್ಲ. ಮಧ್ಯಾಹ್ನ ಬಾನೆಟ್ ಎತ್ತಿದೆ. ಉದ್ದ ಓಟ ಆದಮೇಲೆ ಬೋಲ್ಟ್ ಇನ್ನೊಂದು ಸಲ ನೋಡಬೇಕು, ಅದೂ ಅವನ ಪಾಠವೇ. ರಾಡ್ ಸಿಕ್ಕಿಸಿ ಕೈ ಒಳಗೆ ಹಾಕಿದ್ದೆ. ತಿಂಗಳಿಡೀ ಸೊಂಟದಲ್ಲಿದ್ದ ಕೀಲಿ ಇವತ್ತು ಗಾಡಿಯಲ್ಲೇ ಬಿಟ್ಟಿದ್ದೆ. ಇಲ್ಲಿ ಯಾರ ಭಯ.

"ಅಮ್ಮ, ನಾನು ಸ್ಟಾರ್ಟ್ ಮಾಡ್ಲಾ?"

ಕೀಲಿ ಟಕ್ ಅಂದಿತು. ರೇಡಿಯೋ ಹಾಡಿತು. ಇನ್ನೊಂದು ತಿರುವಿದ್ದರೆ ನನ್ನ ಕೈ ರಾಡಿಗೂ ಚಾಸಿಗೂ ನಡುವೆ. ಹೇಗೆ ಎಳೆದುಕೊಂಡೆ, ಹೇಗೆ ಬಾಗಿಲು ತೆಗೆದೆ, ನೆನಪಿಲ್ಲ. ತೋಳು ಹಿಡಿದು ಹೊರಗೆಳೆದೆ. ಕೆನ್ನೆಗೆ ಬಾರಿಸಿದೆ. ಒಂದು. ನಿಲ್ಲಿಸಬಹುದಿತ್ತು. ಎರಡು.

ಅಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಮೂರನೆಯದಕ್ಕೆ ಕಾದು ನಿಂತಳು. ಅಕ್ಕ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ನಿಂತು ನನ್ನನ್ನೇ ನೋಡಿದಳು. ಅವನನ್ನು ನೋಡುತ್ತಿದ್ದ ಹಾಗೆ.

ಈಗ ಬಾಗಿಲಾಚೆ ಪುಟ್ಟಿ ಮೆಲ್ಲಗೆ ಕರೆಯುತ್ತಿದ್ದಾಳೆ. "ತಪ್ಪಾಯ್ತಮ್ಮ. ಇನ್ಮೇಲೆ ಮಾಡಲ್ಲ." ತಪ್ಪು ಅವಳದಲ್ಲ. ಎದ್ದು ಹೋಗಿ ಹೇಳಬೇಕು. ಅಂಗೈ ಇನ್ನೂ ಉರಿಯುತ್ತಿದೆ. ಬಲಗೈ. ಇದೇ, ಪೆನ್ನು ಹಿಡಿದಿರುವ...