ರಿಂಗಿಗೆ ಕಟ್ಟಿದ ತೋರಣ

ಜೂನ್ ೧೪, ೨೦೦೧, ಗುರುವಾರ

ಚಿಕ್ಕಬೈರಪ್ಪನವರ ಕೆಂಪೇರಿದ ಮುಖ ಇನ್ನೂ ಕಣ್ಣ ಮುಂದಿದೆ. ಇರಲಿ. ಕಾಲೇಜಿಗೆ ಜಾಗ ಕೊಟ್ಟವರು, ಅಧ್ಯಕ್ಷರು, ಎಲ್ಲ ನಿಜ. ಆದರೆ ಪ್ರಿನ್ಸಿಪಾಲ್ ನಾನು.

ಇವತ್ತು ಬ್ಯಾಸ್ಕೆಟ್‌ಬಾಲ್ ಕೋಚ್ ಹುದ್ದೆಗೆ ಸಂದರ್ಶನ. ಕೊನೆಯಲ್ಲಿ ಬಂದವಳು ಶರಣಮ್ಮ. ಬಾಗಲಕೋಟೆ ಕಡೆಯವಳು, ಇಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ರೂಮು, ಹೋದ ವರ್ಷದವರೆಗೂ ಯೂನಿವರ್ಸಿಟಿ ತಂಡದ ಕ್ಯಾಪ್ಟನ್.

‘ನೀವೇನಾದ್ರೂ ಕೇಳ್ಬೇಕೇನಮ್ಮಾ?’ ಎಂದರು ಅಧ್ಯಕ್ಷರು. ಉಳಿದವರೆಲ್ಲ ಸಂಬಳ ಕೇಳಿದ್ದರು.

‘ಕೋರ್ಟ್ ನೋಡಿ ಬಂದೇನ್ರಿ ಸರ್. ರಿಂಗಿಗೆ ಮಾವಿನ ತೋರಣ ಐತಿ, ಕಂಬ ಬಾಗೇತಿ. ಮದುವಿ ಶಾಮಿಯಾನ ಕಟ್ಟೋದು ಯಾವಾಗ ಬಿಡ್ತೀರಿ?’

ಮದುವೆ ಸೀಸನ್ನಿನಲ್ಲಿ ಆ ಕೋರ್ಟ್ ಅಧ್ಯಕ್ಷರ ನೆಂಟರ ಕಲ್ಯಾಣ ಮಂಟಪ. ನಮ್ಮ ಹುಡುಗಿಯರು ಪಾತ್ರೆ ತೊಳೆಯುವವರ ಪಕ್ಕದ ಗೋಡೆಗೆ ಚೆಂಡು ಎಸೆದು ಅಭ್ಯಾಸ ಮಾಡುತ್ತಾರೆ. ಈ ಭಾನುವಾರ ಅಧ್ಯಕ್ಷರ ಮೊಮ್ಮಗಳದೇ ಮದುವೆ.

‘ಕೆಲ್ಸ ಕೇಳ್ಕೊಂಡು ಬಂದೋಳು ನಮ್ಗೇ ರೂಲ್ಸ್ ಹೇಳ್ತಾಳಲ್ಲ ಮೇಡಂ!’ ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು.

‘ಅದಕ್ಕೇ ಇವಳೇ ಬೇಕು ಸಾರ್’ ಎಂದು ಅಲ್ಲೇ ಆರ್ಡರಿಗೆ ಸಹಿ ಹಾಕಿದೆ.

ಮದುವೆ ಬೇಡ ಎಂದವರಾರು? ಪಕ್ಕದ ಖಾಲಿ ಮೈದಾನದಲ್ಲಿ ಜಾಂ ಜಾಂ ಅಂತ ನಡೆಯಲಿ. ನಾಳೆ ಬೆಳಿಗ್ಗೆ ಶಾಮಿಯಾನದ ಲಾರಿ ಬರುತ್ತದೆ. ಅದಕ್ಕೂ ಮೊದಲೇ ಆಟ ಶುರು ಮಾಡಲು ಶರಣಮ್ಮನಿಗೆ ಹೇಳಿದ್ದೇನೆ. ವಾಚ್‌ಮನ್ ಅಧ್ಯಕ್ಷರ ಕಡೆಯವನು, ಗೊತ್ತು. ಕೋರ್ಟಿನ ಗೇಟಿನ ಬೀಗದ ಕೈ ಈಗ ನನ್ನ ದಿಂಬಿನ ಕೆಳಗಿದೆ.