ಮಿನಮಾಟಾ ಬಿಟ್ಟುಹೋದ ಪಟ್ಟಿ

೧೪ ಏಪ್ರಿಲ್ ೨೦೦೯, ಮಂಗಳವಾರ, ಪ್ಲೇನ್ಸ್‌ಬರೋ

ಕಾಲೇಜಿನ ಜಪಾನ್ ಅಧ್ಯಯನ ಪ್ರವಾಸವನ್ನು ನಾಲ್ಕು ವಾರದಿಂದ ಹತ್ತು ದಿನಕ್ಕೆ ಇಳಿಸಿದ್ದಾರೆ. ಈ ವರ್ಷ ಬಜೆಟ್ ಇಲ್ಲವಂತೆ. ಸರಿ. ಆದರೆ ಮೊದಲು ಕತ್ತರಿಸಿದ್ದು ಮಿನಮಾಟಾವನ್ನು! ಕಾರ್ಖಾನೆ ಸಮುದ್ರಕ್ಕೆ ಪಾದರಸ ಬಿಟ್ಟು, ಮೀನು ತಿಂದವರ ಕೈಕಾಲು ಸೊಟ್ಟಗಾದ ಊರು ಅದು. ಆ ಜನ ಕಂಪನಿಯ ಬಾಗಿಲಲ್ಲಿ ಕೂತು ಹೋರಾಡಿದ್ದನ್ನು ಕರಪತ್ರಗಳಲ್ಲಿ ಓದಿಯೇ ನಾನು ಈ ಕೋರ್ಸಿಗೆ ಸೇರಿದ್ದು. ಕ್ಯೋಟೋದ ಚಹಾ ವಿಧಿ ಮಾತ್ರ ಹಾಗೇ ಉಳಿದಿದೆ, ಹತ್ತರಲ್ಲಿ ಎರಡು ದಿನ ಅದಕ್ಕೇ. ನಾಚಿಕೆಗೇಡು.

ಬೆಳಿಗ್ಗೆ ಪ್ರವಾಸದ ಹೊಸ ಪಟ್ಟಿ ನೋಡಿ ಅಮ್ಮ ನಕ್ಕಳು. "ಟೀ ಕುಡಿಯೋಕೆ ಜಪಾನಿಗೆ ಯಾಕೆ ಹೋಗ್ಬೇಕೇ ಅರ್ಪಿತಾ? ಬಾ, ಶುಂಠಿ ಹಾಕಿ ಇಲ್ಲೇ ಮಾಡ್ಕೊಡ್ತೀನಿ."

ಸಂಜೆ ಪ್ರವಾಸ ನಡೆಸುವ ಪ್ರೊಫೆಸರರ ಕೋಣೆಗೇ ಹೋಗಿ ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ. "ನೀವೆಲ್ಲ ಕೇಳಿದ್ದನ್ನೇ ಉಳಿಸಿದ್ದೇವಲ್ಲ" ಎಂದು ಪ್ರವಾಸಕ್ಕೆ ಸೇರಲು ನಾವು ಬರೆದುಕೊಟ್ಟಿದ್ದ ಹನ್ನೊಂದು ಅರ್ಜಿಗಳನ್ನು ಮುಂದಿಟ್ಟರು. ಮಿನಮಾಟಾ ಎಂದು ಒಬ್ಬರೂ ಬರೆದಿರಲಿಲ್ಲ. ನಾನೂ ಬರೆದಿರಲಿಲ್ಲ. ಆಯ್ಕೆಯಿಂದ ಕೈಬಿಟ್ಟಾರೆಂದು ಹೆದರಿ, ದುಂಡಗಿನ ಅಕ್ಷರದಲ್ಲಿ, "ಚಹಾ ವಿಧಿಯ ಶಾಂತಿ ನನ್ನನ್ನು ಸೆಳೆಯುತ್ತದೆ" ಎಂದು ಬರೆದಿದ್ದೆ.

ನಾಳೆ ಹೊಸ ಮನವಿ ಬರೆದು ಉಳಿದ ಹತ್ತು ಜನರ ಸಹಿ ಕೇಳಬೇಕು. ಆದರೆ ಕೇಳುವ ಮೊದಲು ಆ ಸಾಲು ನನ್ನದೆಂದು ಅವರಿಗೆ ಹೇಳದಿದ್ದರೆ, ಸತ್ಯ ಮುಚ್ಚಿಟ್ಟ ಆ ಕಂಪನಿಯವರಿಗೂ ನನಗೂ ಏನು ವ್ಯತ್ಯಾಸ?